ಅವ್ವ ಮನ್ಯಾಗಿಲ್ಲ

ಊರು ಅಂದ ಮೇಲೆ ಅಲ್ಲೊಬ್ಬ ಶ್ರೀಮಂತ ಇರಲೇಬೇಕಲ್ಲ? ಈ ಊರಲ್ಲೂ ಇದ್ದ. ಅವನ ಹೆಸರು ಕೇಳಬೇಡಿ. ಅವನ ಹೆಂಡತಿಯ ಹೆಸರನ್ನಂತೂ ಕೇಳಲೇಬೇಡಿ. ಹೆಸರು ಹೇಳಿದೆನೋ, 'ಓ, ಅವಳ ಕಥೆಯಾ' ಎಂದು ಕಾಲು ಚಾಚಿ ಕೂತುಬಿಡುತ್ತೀರಿ. ಹೆಸರಿಲ್ಲದಿದ್ದರೆ ಇಲ್ಲಿ ಕೂತವರಲ್ಲಿ ಯಾರು ಬೇಕಾದರೂ ಅವಳಾಗಬಹುದು.

ಶ್ರೀಮಂತ ಹಗಲೆಲ್ಲ ಪೇಟೆಯ ಅಂಗಡಿಯಲ್ಲಿ. ಅಷ್ಟು ದೊಡ್ಡ ಮನೆಯಲ್ಲಿ ಉಳಿಯುವವರು ಇಬ್ಬರೇ: ಹೆಂಡತಿ, ಮತ್ತು ಇನ್ನೂ ಸಾಲೆಯ ಮುಖ ನೋಡದ ಮಗ. ಬೆಳಗಿನ ಕೆಲಸವೆಲ್ಲ ಮುಗಿದು ಓಣಿ ನಿದ್ದೆಗೆ ಜಾರಿದ ಮೇಲೆ, ಮಟಮಟ ಮಧ್ಯಾಹ್ನ, ಅವಳು ಕಂಬಕ್ಕೆ ಹಗ್ಗ ಬಿಗಿದು ಮಜ್ಜಿಗೆ ಕಡೆಯಲು ಕೂಡುತ್ತಿದ್ದಳು. ಕಡಗೋಲಿನ ಸಪ್ಪಳ ಹಿಂದಿನ ಓಣಿಯವರೆಗೂ ಕೇಳುತ್ತಿತ್ತು. ಮಜ್ಜಿಗೆ ಕೇಳಿದವರಿಗೆ ಯಾರಾದರೂ ಇಲ್ಲ ಅನ್ನುತ್ತಾರೆಯೇ? ಹಾಲು ಮಾರಬಹುದು, ಬೆಣ್ಣೆ ಮಾರಬಹುದು. ಮಜ್ಜಿಗೆ ಮಾತ್ರ ಓಣಿಯವರದು. ಸಂಜೆ ಆಯಿತೆಂದರೆ ಎಲ್ಲರ ಮನೆಯ ಮಕ್ಕಳೂ ತಂಬಿಗೆ ಹಿಡಿದು ಬರುತ್ತಿದ್ದವು, ತುಂಬಿಸಿಕೊಂಡು ಹೋಗುತ್ತಿದ್ದವು.

ಹಿಂದಿನ ಓಣಿಯ ಒಬ್ಬಳು ಮಾತ್ರ ಸಂಜೆಯ ದಾರಿ ಕಾಯುತ್ತಿರಲಿಲ್ಲ. ಸಪ್ಪಳ ಶುರುವಾದೊಡನೆ ಬಿಸಿಲಲ್ಲೇ ಬಂದು ಹೊಸ್ತಿಲ ಬಳಿ ಕೂಡುತ್ತಿದ್ದಳು. ಹೋದ ವರ್ಷ ಜ್ವರದಲ್ಲಿ ಅವಳ ಒಬ್ಬನೇ ಮಗ ತೀರಿಕೊಂಡಿದ್ದ. ತಂಬಿಗೆ ತುಂಬಿದರೂ ಅವಳು ಏಳುತ್ತಿರಲಿಲ್ಲ. ಮಗ ಹೇಗೆ ನಗುತ್ತಿದ್ದ, ಯಾವ ಅಂಗಿ ಬೇಕೆಂದು ಹಟ ಹಿಡಿದಿದ್ದ, ಕೊನೆಗೆ ಏನು ಕೇಳಿದ, ಅದನ್ನೇ ಹೇಳುವುದು, ನಾಳೆ ಬಂದು ಮತ್ತೆ ಅದನ್ನೇ ಹೇಳುವುದು. ಹೇಳುತ್ತ ಹೇಳುತ್ತ ಈ ಹುಡುಗನ ತಲೆಯ ಮೇಲೆ ಗಾಳಿಯಲ್ಲಿ ಅಂಗೈ ಹಿಡಿದು, "ಇದ್ದಿದ್ರ ಇವನಕಿಂತ ಇಷ್ಟ ಎತ್ತರ ಇರ್ತಿದ್ನರೀ ಅಕ್ಕಾರ" ಎನ್ನುವಳು.

ಆ ಅಂಗೈ ಕಂಡಾಗಲೆಲ್ಲ ಶ್ರೀಮಂತನ ಹೆಂಡತಿ ಮಗನನ್ನು ಹತ್ತಿರ ಎಳೆದುಕೊಳ್ಳುತ್ತಿದ್ದಳು. ಬಂದವಳು ಹೋದ ಮೇಲೆ ಮಗನಿಗೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವಳು. ದಿನವೂ ಹಾಕುವಳು. ಇವಳು ಕೆಟ್ಟವಳೇನಲ್ಲ, ನೋಡಿ. ಆದರೆ ಬೇರೆಯವರ ದುಃಖವನ್ನು ದಿನಾ ಮಡಿಲಲ್ಲಿ ಇಟ್ಟುಕೊಂಡು ಕೂಡುವುದು ಸುಲಭವೇ?

ಒಂದು ಮಧ್ಯಾಹ್ನ ಅವಳು ಬಾಗಿಲು ಮುಚ್ಚಿಕೊಂಡೇ ಕಡೆಯಲು ಕೂತಳು. ಬಾಗಿಲು ಬಡಿದ ಸದ್ದಾಯಿತು. ಅವಳು ಹಗ್ಗ ಬಿಟ್ಟು ಮಗನ ಕಿವಿಯಲ್ಲಿ, "ಹೋಗು, ಅವ್ವ ಮನ್ಯಾಗಿಲ್ಲ ಅಂತ ಹೇಳು" ಎಂದಳು.

ಹುಡುಗ ಓಡಿದ. ಬಾಗಿಲು ತೆಗೆದ. ಎದೆಯುಬ್ಬಿಸಿ ಹೇಳಿದ:

"ಅವ್ವ ಮನ್ಯಾಗಿಲ್ಲ ಅಂತ ಹೇಳು ಅಂದಾಳ್ರೀ ಅವ್ವ!"

ನಗುತ್ತೀರಿ. ನಗಲೇಬೇಕು. ಈ ಸಣ್ಣ ಕಥೆ ನಿಮಗೆಲ್ಲ ಗೊತ್ತು, ನಿಮ್ಮ ಅಜ್ಜಿಗೂ ಗೊತ್ತಿತ್ತು. ಎಲ್ಲರೂ ಇದನ್ನು ಇಲ್ಲಿಗೇ ಮುಗಿಸಿ ನಕ್ಕು ಏಳುತ್ತಾರೆ. ಆ ಹುಡುಗ ಬಾಗಿಲಿಂದ ಒಳಗೆ ಬಂದನಲ್ಲ, ಆಮೇಲೆ ಏನಾಯಿತು ಎಂದು ಯಾರಾದರೂ ಕೇಳಿದ್ದೀರಾ? ಇವತ್ತು ಕೇಳಿ.

ಹೊರಗೆ ನಿಂತವಳು ನಕ್ಕಳು. ಮಗ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲೋ ಏನೋ. ಹುಡುಗನ ಗಲ್ಲ ಮುಟ್ಟಿ, ಖಾಲಿ ತಂಬಿಗೆಯೊಡನೆ ತಿರುಗಿ ಹೋದಳು. ಒಳಗಿದ್ದವಳಿಗೆ ಆ ನಗು ಕಪಾಳಕ್ಕೆ ಹೊಡೆದಂತಾಯಿತು. ಒಳಗೆ ಬಂದ ಮಗನ ತೊಡೆ ಚಿವುಟಿದಳು.

"ಖೋಡಿ! ಹಂಗ ಹೇಳ್ತಾರೇನು?"

"ನೀನ ಅಂದಿಯಲ್ಲಬೇ?" ಹುಡುಗನ ಕಣ್ಣಲ್ಲಿ ನೀರು. "ನೀ ಇಲ್ಲೇ ಅದೀಯಲ್ಲ, ಇಲ್ಲ ಅಂತ ಹೆಂಗ ಹೇಳ್ಲಿ?"

ಅಲ್ಲಿಗೇ ಬಿಟ್ಟಿದ್ದರೆ ಚಿವುಟಿದ ನೋವು ಸಂಜೆಗೆ ಹೋಗುತ್ತಿತ್ತು. ಅವಳು ಬಿಡಲಿಲ್ಲ. ಕಲಿಸಿದಳು. ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸೆರಗಿನಿಂದ ಕಣ್ಣೊರೆಸಿ, ಮುದ್ದು ಮಾಡುತ್ತ ಕಲಿಸಿದಳು.

"ಕಣ್ಣು ಮುಚ್ಚು. ನಾ ಇಲ್ಲ ಅಂತ ಮನಸ್ಸಿನ್ಯಾಗ ಅಂದ್ಕೊ. ನಾ ಹೋಗೇಬಿಟ್ಟೀನಿ. ಖರೇನ ಇಲ್ಲ. ಹಂಗ ಅಂದ್ಕೊಂಡು ಹೇಳು, ಮಾತು ತಡವರಿಸೂದಿಲ್ಲ."

ಹುಡುಗ ಕಣ್ಣು ಮುಚ್ಚಿದ. ತೆರೆದ. "ಅವ್ವ ಮನ್ಯಾಗಿಲ್ರಿ. ನಾಳೆ ಬರ್ರಿ."

"ನನ್ನಪ್ಪ!" ಎಂದು ಅವನ ಅಂಗೈಗೆ ನಿಂಬೆಕಾಯಿಯಷ್ಟು ಬೆಣ್ಣೆ ಹಾಕಿದಳು.

ಮರುದಿನ ಹುಡುಗ ಒಂದಿಷ್ಟೂ ತಪ್ಪದೆ ಹೇಳಿದ. ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತ ಅವಳಿಗೆ ಆಗ ಏನಾಯಿತು ಗೊತ್ತೇ? ಹಿತವಾಯಿತು. ಮದುವೆಯಾಗಿ ಈ ಹೊಸ್ತಿಲು ದಾಟಿದ ದಿನದಿಂದ ಅವಳು ಮನೆಯಲ್ಲಿ ಇಲ್ಲದ ಗಳಿಗೆಯೇ ಇರಲಿಲ್ಲ. ಅತ್ತೆ ಬದುಕಿದ್ದಾಗ ಅತ್ತೆ ಕೂಗಿದರೆ ಇದ್ದಳು, ಗಂಡ ಕೂಗಿದರೆ ಇದ್ದಳು, ಎಮ್ಮೆ ಕೂಗಿದರೂ ಇದ್ದಳು. ಈಗ ಒಂದು ಪುಟ್ಟ ಬಾಯಿ 'ಇಲ್ಲ' ಎಂದಿತು; ಅವಳು ಇಲ್ಲವಾದಳು. ಹತ್ತಿಯಷ್ಟು ಹಗುರ. ಅಕ್ಕಂದಿರೇ, ಆ ಹಗುರ ನಮಗ್ಯಾರಿಗೆ ಬೇಡ? ಬೇಕು ಎನ್ನುವುದು ತಪ್ಪಲ್ಲ. ಅದನ್ನು ಯಾರ ಬಾಯಿಂದ ಪಡೆದಳು, ಅದು ನೋಡಿ. ಮಗನಿಗೆ ದೃಷ್ಟಿ ತಾಗೀತು ಎಂದು ಹೆದರಿದವಳು ತಾನು ಅಡಗಿಕೊಂಡು ಬಾಗಿಲಿಗೆ ಯಾರನ್ನು ಕಳಿಸಿದಳು? ಮಗನನ್ನೇ ಅಲ್ಲವೇ?

ದಿನ ಕಳೆದಂತೆ ಹುಡುಗ ಪಳಗಿದ. ಬೆಣ್ಣೆ ಕೇಳುವುದನ್ನು ಬಿಟ್ಟ. ಬಾಗಿಲು ಬಡಿದರೆ ಸಾಕು, ಆಟ ಬಿಟ್ಟೇಳುವನು, ಕಣ್ಣು ಮುಚ್ಚಿ ತೆರೆಯುವನು, ಹೋಗುವನು. ಒಂದು ದಿನ ಹೊರಗಿನವಳು, "ಎಲ್ಲಿಗೆ ಹೋಗ್ಯಾಳೋ ನಿಮ್ಮವ್ವ, ಈ ರಣಬಿಸಿಲಾಗ?" ಎಂದಳು.

"ಹೊಳಿ ಕಡೆ ಹೋದ್ಲು."

"ಒಬ್ಬಾಕಿನಾ?"

"ಹೂನ್ರಿ. ಹಸಿರು ಸೀರಿ ಉಟ್ಕೊಂಡಿದ್ಲು. ನಾ ಕರದೆ. ಹೊಳ್ಳಿ ನೋಡ್ಲಿಲ್ಲ."

ಬಾಗಿಲ ಹಿಂದೆ ನಿಂತವಳು ಅದನ್ನೆಲ್ಲ ಕೇಳಿದಳು. ಯಾರೂ ಹೇಳಿಕೊಡದ ಮಾತು. ಹುಡುಗನ ದನಿಯಲ್ಲಿ ತುಂಟತನವಿಲ್ಲ. ಕಣ್ಣಾರೆ ಕಂಡದ್ದನ್ನು ಹೇಳುವ ದನಿ. ಹಸಿರು ಸೀರೆ ಟ್ರಂಕಿನಲ್ಲಿ ಮಡಚಿ ಇಟ್ಟಿತ್ತು. ಆದರೂ ಅವಳು ಟ್ರಂಕು ತೆರೆದು ಆ ಸೀರೆಯ ಅಂಚು ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡಿದಳು. ಒಣಗಿತ್ತು. ಒಣಗಿರದೆ ಇನ್ನೇನು? ಆದರೂ ಮುಟ್ಟಿ ನೋಡಿದಳಲ್ಲ!

ಆಮೇಲೆ ಸಣ್ಣಸಣ್ಣದು ಕಣ್ಣಿಗೆ ಬೀಳತೊಡಗಿತು. ಬಡಿಸುವಾಗ ಅವಳು ಎದುರು ನಿಂತಿದ್ದರೆ ಹುಡುಗ ಅವಳಾಚೆಗಿನ ಗೋಡೆ ನೋಡುತ್ತಿದ್ದ. ಕರೆದರೆ ಒಂದು ಗಳಿಗೆ ತಡೆದು, ದೂರದಿಂದ ಬಂದವನಂತೆ "ಹಾಂ" ಎನ್ನುತ್ತಿದ್ದ. ತಲೆ ಸವರಿದರೆ ಬಾಗಿಲು ತೆರೆದಿದೆಯೇ, ಗಾಳಿ ಎಲ್ಲಿಂದ ಬಂತು ಎನ್ನುವಂತೆ ಹಿಂದೆ ತಿರುಗಿ ನೋಡುತ್ತಿದ್ದ.

ಆಗಲಾದರೂ ನಿಲ್ಲಿಸಿದಳೇ? ಇಲ್ಲ. 'ಇವತ್ತೊಂದು ದಿನ' ಎಂದಳು. ನಾವೂ ಹಾಗೇ ಅಲ್ಲವೇ ಅನ್ನುವುದು?

ಆ ಇವತ್ತೊಂದು ದಿನ ಹಿಂದಿನ ಓಣಿಯವಳು ಬಾಗಿಲಲ್ಲಿ ನಿಲ್ಲಲಿಲ್ಲ. "ನಿಮ್ಮವ್ವ ಬರೂತನಾ ಒಳಗ ಕುಂತಿರ್ತೀನೋ ತಮ್ಮಾ" ಎಂದ ದನಿ ಕೇಳಿತು. ಹೆಂಡತಿ ತಡಬಡಿಸಿ ಕಾಳಿನ ಕೋಣೆ ಹೊಕ್ಕಳು. ಕಿಟಕಿಯಿಲ್ಲದ ಕೋಣೆ. ಬಾಗಿಲ ಸಂದಿಯಿಂದ ಮಗನನ್ನು ಸನ್ನೆ ಮಾಡಿ ಕರೆದು ಪಿಸುಗುಟ್ಟಿದಳು: "ಹೊರಗಿಂದ ಚಿಲಕಾ ಹಾಕು. ಆಕಿ ಹೋದಮ್ಯಾಲ ತೆಗಿ."

ಚಿಲಕ ಬಿತ್ತು. ಬಂದವಳು ಪಡಸಾಲೆಯಲ್ಲಿ ಬಹಳ ಹೊತ್ತು ಕೂತಳು. ಎದ್ದಳು. ಹೋದಳು. ಕತ್ತಲಲ್ಲಿ ಜೋಳದ ಚೀಲಗಳ ನಡುವೆ ಇವಳು ಬೆವರುತ್ತ ನಿಂತಿದ್ದಳು.

"ಮಗನ, ಚಿಲಕಾ ತೆಗಿ."

ಹೊರಗೆ ಹುಡುಗ ಹುಣಸೆಬೀಜ ಉರುಳಿಸಿ ಆಡುತ್ತಿದ್ದ. ಟಕ್, ಟಕ್. ಅವಳು ಬಾಗಿಲು ಬಡಿದಳು. ಬೀಜದ ಸಪ್ಪಳ ನಿಂತಿತು. ಪುಟ್ಟ ಹೆಜ್ಜೆಗಳು ಹತ್ತಿರ ಬಂದವು.

"ಯಾರ್ರೀ?"

"ನಾನೋ, ಅವ್ವ."

ಒಂದು ಗಳಿಗೆ ಏನೂ ಇಲ್ಲ. ಅವನು ಕಣ್ಣು ಮುಚ್ಚಿ ತೆರೆಯಲು ಎಷ್ಟು ಬೇಕೋ ಅಷ್ಟು ಹೊತ್ತು.

"ಅವ್ವ ಮನ್ಯಾಗಿಲ್ರಿ. ನಾಳೆ ಬರ್ರಿ."

ಅವಳು ಮೊದಲು ನಕ್ಕಳು. ಆಮೇಲೆ ಬೈದಳು. ಆಮೇಲೆ ಎರಡೂ ಕೈಯಿಂದ ಬಾಗಿಲು ಗುದ್ದಿದಳು. "ಲೇ, ನಾನೋ! ನಾ ನಿಮ್ಮವ್ವನೋ!"

"ನಾಳೆ ಬರ್ರಿ."

ಅದೇ ದನಿ. ಅವಳು ತೊಡೆಯ ಮೇಲೆ ಕೂರಿಸಿ ಕಲಿಸಿದ, ಒಂದಿಷ್ಟೂ ತಡವರಿಸದ, ಮರ್ಯಾದೆಯ ದನಿ. ಸಿಟ್ಟಿದ್ದರೆ ಸಹಿಸಬಹುದಿತ್ತು, ಆಟವಾಗಿದ್ದರೂ ಸಹಿಸಬಹುದಿತ್ತು. ಅದರಲ್ಲಿ ಏನೂ ಇರಲಿಲ್ಲ. ಹೆಜ್ಜೆ ದೂರವಾದವು. ಟಕ್, ಟಕ್, ಬೀಜ ಮತ್ತೆ ಉರುಳಿದವು. ಕತ್ತಲಲ್ಲಿ ಅವಳು ತನ್ನ ಮುಖವನ್ನು ತಾನೇ ಮುಟ್ಟಿ ನೋಡಿಕೊಂಡಳು. ಮೂಗು ಇತ್ತು, ಮೂಗುತಿ ಇತ್ತು. ಆದರೆ ಮಗ ಇಲ್ಲ ಎಂದ ಮೇಲೆ ತಾಯಿ ಇದ್ದಾಳೆ ಎಂದು ಹೇಳುವವರು ಯಾರು? ಇಲ್ಲವಾಗುವ ಹಗುರ ಬೇಕಾಗಿತ್ತಲ್ಲ, ಸಿಕ್ಕಿತ್ತು.

ಕೊನೆಗೆ ಚಿಲಕ ಸರಿಯಿತು. ತೆಗೆದದ್ದು ಮಗನಲ್ಲ. ಖಾಲಿ ತಂಬಿಗೆ ಕಂಕುಳಲ್ಲಿಟ್ಟುಕೊಂಡ ಹಿಂದಿನ ಓಣಿಯವಳು.

"ಓಣಿ ತಿರುವಿನ ತನಕ ಹೋಗಿದ್ದೆರೀ ಅಕ್ಕಾರ. ಬಡಿಯೂ ಸಪ್ಪಳ ಕೇಳ್ತು, ಹೊಳ್ಳಿ ಬಂದೆ. ತೆರೀಲಾರದ ಬಾಗಿಲಾ ಬಡಿಯೋರ ಸಪ್ಪಳ ನನಗ ಗೊತ್ತಾಗೂದಿಲ್ಲೇನ್ರೀ?"

ಇವಳು ಸೆರಗಿನಿಂದ ಬೆವರೊರೆಸಿಕೊಂಡಳು. "ನಾ ಮನ್ಯಾಗಿದ್ದದ್ದು ನಿನಗ..."

"ದಿನಾ ಗೊತ್ತಿತ್ತು. ನಾ ಬಾಗಿಲಾ ಬಡದ ಕೂಡ್ಲೇ ಕಡಗೋಲು ನಿಲ್ತಿತ್ತಲ್ರೀ."

"ಮತ್ಯಾಕ ಬರ್ತಿದ್ದಿ?"

ಅವಳು ಹುಡುಗನ ಕಡೆ ನೋಡಿದಳು. "ಮೊದಲನೇ ದಿನ ಖರೇ ಹೇಳಿದ್ನಲ್ಲ ಕೂಸು. ಮತ್ತೊಮ್ಮಿ ಹಂಗ ಹೇಳ್ತಾನೇನೋ ಅಂತ ಬರ್ತಿದ್ದೆ."

ಶ್ರೀಮಂತನ ಹೆಂಡತಿ ಮೊಣಕಾಲೂರಿ ಮಗನ ಎರಡೂ ಭುಜ ಹಿಡಿದಳು. "ನನ್ನ ನೋಡೋ. ನಾ ಅದೀನಲ್ಲೋ? ಹೇಳೋ!"

ಹುಡುಗ ಅವಳ ಮುಖ ನೋಡಿದ. ಆಮೇಲೆ ಬಂದವಳ ಮುಖ ನೋಡಿದ. ಮತ್ತೆ ಅವಳ ಕಡೆ ತಿರುಗಿ, ಕಿವಿಯ ಹತ್ತಿರ ಬಾಯಿಟ್ಟು, ಬಂದವಳಿಗೆ ಕೇಳದ ಹಾಗೆ ಪಿಸುಗುಟ್ಟಿದ:

"ಅದೀ ಅಂತ ಹೇಳ್ಲೇನಬೇ?"

ಕಥೆ ಇಷ್ಟೇ. ಮರುದಿನದಿಂದ ಆ ಮನೆಯ ಬಾಗಿಲು ಮಧ್ಯಾಹ್ನವೂ ತೆರೆದಿರುತ್ತಿತ್ತು. ಮಗ ಸತ್ತವಳು ಹೊಸ್ತಿಲಲ್ಲಲ್ಲ, ಒಳಗೆ ಚಾಪೆಯ ಮೇಲೆ ಕೂಡುತ್ತಿದ್ದಳು. ಇಬ್ಬರೂ ಹಗ್ಗ ಹಿಡಿದು ಕಡೆಯುತ್ತಿದ್ದರು. ಅದೆಲ್ಲ ಸರಿಹೋಯಿತು. ಹುಡುಗ? ಹುಡುಗ ಬೆಳೆದ. ಒಳ್ಳೆಯವನಾಗಿಯೇ ಬೆಳೆದ. ಆದರೆ ಯಾರೇ ಏನೇ ಕೇಳಲಿ, ಉತ್ತರ ಕೊಡುವ ಮೊದಲು ಒಮ್ಮೆ ಅವ್ವನ ಮುಖ ನೋಡುತ್ತಿದ್ದ. ಏನು ಹೇಳಲಿ ಎಂದು. ಎದೆಯುಬ್ಬಿಸಿ ಬಾಗಿಲಿಗೆ ಓಡಿದ ಆ ಮೊದಲಿನ ಹುಡುಗ ಮತ್ತೆ ಆ ಮನೆಗೆ ಬರಲಿಲ್ಲ.

ನಿಮ್ಮನ್ನು ಕೇಳುತ್ತೇನೆ. ಫೋನು ಬಂದಾಗ 'ಅಪ್ಪ ಸ್ನಾನಕ್ಕೆ ಹೋಗ್ಯಾನ ಅನ್ನು' ಎಂದು ಮಗುವಿನ ಕೈಗೆ ಕೊಟ್ಟವರು ಇಲ್ಲಿ ಯಾರೂ ಇಲ್ಲವೇ? 'ಅಜ್ಜಿಗೆ ಹೇಳಬ್ಯಾಡ' ಎಂದು ಮಿಠಾಯಿ ಕೊಟ್ಟವರು? ಸುಳ್ಳು ಹೇಳಬಾರದು ಎಂದು ನೀವು ಮಗುವಿಗೆ ಹೇಳಿದ್ದು ಬಾಯಲ್ಲಿ. ಸುಳ್ಳು ಹೇಳುವುದನ್ನು ಕಲಿಸಿದ್ದು ತೊಡೆಯ ಮೇಲೆ ಕೂರಿಸಿಕೊಂಡು. ಯಾವುದು ನೆನಪಿರುತ್ತದೆ?

ನಾಳೆ ನಿಮ್ಮ ಬಾಗಿಲು ಬಡಿದಾಗ ಮಗುವನ್ನು ಕಳಿಸಬೇಡಿ. ನೀವೇ ಏಳಿ. ಕೊಡಲಾಗದಿದ್ದರೆ ಆಗೂದಿಲ್ಲ ಎನ್ನಿ. ಕೇಳುವ ತ್ರಾಣವಿಲ್ಲದಿದ್ದರೆ, 'ಇವತ್ತು ಬ್ಯಾಡ ತಂಗಿ, ನನಗ ಸಾಕಾಗೇತಿ' ಎನ್ನಿ. ಅದಕ್ಕೆ ಬೇಕಾಗುವುದು ಒಂದೇ ಗಳಿಗೆಯ ಧೈರ್ಯ. ಆ ಧೈರ್ಯ ನಿಮಗಿಲ್ಲವೆಂದು ಆ ಪುಟ್ಟ ಬಾಯಿಯನ್ನು ಬಾಗಿಲಿಗೆ ಅಡ್ಡ ಇಡಬೇಡಿ.

ಈಗ ಮನೆಗೆ ಹೋಗುತ್ತೀರಿ. ಬಾಗಿಲು ಬಡಿಯುತ್ತೀರಿ. ಒಳಗಿಂದ ಮಗು "ಯಾರು?" ಎನ್ನುತ್ತದೆ. "ನಾನು, ಅವ್ವ" ಎನ್ನುತ್ತೀರಿ. ಓಡಿ ಬಂದು ಚಿಲಕ ತೆಗೆಯುವ ಸದ್ದು ಕೇಳುತ್ತದೆಯಲ್ಲ? ಅದು ಇನ್ನೂ ಕೇಳುತ್ತಿರುವಾಗಲೇ ತಿದ್ದಿಕೊಳ್ಳಿ, ತಾಯಂದಿರಾ.