ಆತೇನ್ರೀ ಸರ್?

ಇದು ಕಟ್ಟುಕತೆ ಅನ್ನೋರು ಈಗ್ಲೇ ಎದ್ದು ಹೋಗಿ ಮಲ್ಕೊಳ್ಳಿ. ನಮ್ಮ ಚಿಕ್ಕಪ್ಪನ ಮಗ ಗುರುರಾಜನಿಗೆ ಆಗಿದ್ದು ಇದು. ಪೀಣ್ಯ ಎರಡನೇ ಹಂತದಲ್ಲಿ ಅವನದೊಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇತ್ತು. ಎರಡು ಸಾವಿರದ ಹನ್ನೊಂದನೇ ಇಸವಿ, ಕಾರ್ತೀಕದ ಚಳಿ.

ಆವತ್ತು ಅವನು ಶಟರ್ ಎಳೆದಾಗ ಒಂಬತ್ತೂವರೆ. ಫ್ಯಾಕ್ಟರಿಗಳ ಹಿಂದಿನ ಸಂದಿ ಹಿಡಿದು ಮನೆಗೆ ಬರ್ತಿದ್ದ. ಆ ಸಂದಿಯಲ್ಲಿ ಹಳೇ ತೋಟದ್ದೊಂದು ಬಾವಿ. ತೋಟ ಹೋಗಿ ಶೆಡ್ಡುಗಳು ಎದ್ವು, ಬಾವಿ ಮಾತ್ರ ಹಾಗೇ ಉಳೀತು, ಅರ್ಧ ಕಟ್ಟೆ ಒಡೆದು. ಕರೆಂಟ್ ಬೇರೆ ಹೋಗಿತ್ತು. ಎಲ್ಲೋ ಒಂದು ಜನರೇಟರ್ ಡುಗು ಡುಗು ಡುಗು ಅಂತಿತ್ತು... ಇವನು ಬಾವಿ ಹತ್ತಿರ ಬರ್ತಿದ್ದಂಗೆ ಅದೂ ನಿಂತುಹೋಯ್ತು.

ಚಳಕ್... ನೀರು ಅಲ್ಲಾಡಿದ ಸದ್ದು. ಆಮೇಲೆ ಸ್ಟೀಲ್ ಡಬ್ಬಿಯೊಳಗೆ ಚಮಚ ಬಡಿಯೋ ಸದ್ದು. ಟಿಣ್... ಟಿಣ್... ಹಿಂದೆಯೇ ಬಂತು. ಬೆನ್ನಿಗೆ ತಾಗೋ ಅಷ್ಟು ಹತ್ತಿರ, ಪಿಸುದನಿಯಲ್ಲಿ—

"ಆತೇನ್ರೀ ಸರ್?"

ಇವನು ಬಾಯಿ ಮುಚ್ಕೊಂಡು ಓಡಬೇಕಿತ್ತು. ಆದ್ರೆ ರಿಪೇರಿ ಅಂಗಡಿಯವನ ಬಾಯಿ ಕಣ್ರೀ, ಅದಕ್ಕೆ ಗೊತ್ತಿರೋದೇ ಒಂದು ಉತ್ತರ. ತಿರುಗೂ ನೋಡದೆ ಅಂದುಬಿಟ್ಟ:

"ಇನ್ನೂ ಆಗಿಲ್ಲಮ್ಮ. ನಾಳೆ ಬನ್ನಿ."

"ಹೂಂರೀ... ಬರ್ತೀನ್ರೀ."

ನಾಲ್ಕು ಹೆಜ್ಜೆ ಹಾಕಿದ ಮೇಲೆ ಅವನಿಗೆ ಹೊಳೀತು. ಅದು ಮಲಕವ್ವನ ದನಿ. ಮಲಕವ್ವ ಸತ್ತು ಆಗ್ಲೇ ಹನ್ನೊಂದು ದಿನ ಆಗಿತ್ತು. ಇದೇ ಬಾವಿಯಲ್ಲಿ.

ಹಿಂದೆಲ್ಲ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದು ದೆವ್ವಾನ ವಾಪಸ್ ಕಳಿಸ್ತಿದ್ರಲ್ಲ, ನೆನಪಿದ್ಯಾ? ಅದು ಬಾಗಿಲಿಗೆ ಬಂದಿದ್ದನ್ನ ಸಾಗಹಾಕೋಕೆ. ಈ ಪುಣ್ಯಾತ್ಮ ಬಾವಿಯಲ್ಲಿದ್ದವಳನ್ನ ಬಾಯಾರೆ ಅಂಗಡಿಗೆ ಕರೆದುಬಿಟ್ಟ.

ಮಲಕವ್ವ ಯಾರು ಅಂತೀರಾ? ಬಾಗಲಕೋಟೆ ಕಡೆಯವಳು. ಗಂಡ ಸಿದ್ರಾಮ ಒಂದು ಫ್ಯಾಕ್ಟರಿಯಲ್ಲಿ ತಗಡು ಎಳೆಯೋ ರೋಲರ್ ಮಷೀನ್ ಮೇಲಿದ್ದ. ಕೈ ಒಳಗೆ ಹೋಗದಿರಲಿ ಅಂತ ಅದಕ್ಕೊಂದು ಜಾಲರಿ ಇರ್ಬೇಕು. ಕೆಲಸ ಬೇಗ ಸಾಗ್ಲಿ ಅಂತ ಸೂಪರ್‌ವೈಸರ್ ಅದನ್ನ ಬಿಚ್ಚಿಸಿದ್ದ. ಸಿದ್ರಾಮನ ತೋಳು ಸಿಕ್ಕಿ ಆಳು ಪೂರಾ ಹೋಗೇಬಿಟ್ಟ. ಆಮೇಲೆ ಕಂಪನಿಯವರು ಏನಂದ್ರು ಗೊತ್ತಾ? ಜಾಲರಿ ತೆಗೆದಿದ್ದು ಅವನೇ, ಅವನದೇ ತಪ್ಪು ಅಂದ್ರು. ಥೂ!

ಆದ್ರೆ ಸಿದ್ರಾಮ ಹೆದರಿಕೆಯಾಗಿ ಹಿಂದಿನ ವಾರವೇ ಫೋಟೋ ತೆಗೆದಿದ್ದ, ಸೂಪರ್‌ವೈಸರ್ ಜಾಲರಿ ಬಿಚ್ಚಿಸ್ತಿರೋದು. ಡ್ರಾಯಿಂಗ್ ಕಲೀತೀನಿ ಅಂತ ಒಂದು ಹಳೇ ಲ್ಯಾಪ್‌ಟಾಪ್ ಕೊಂಡಿದ್ದ, ಅದರೊಳಗೆ ಹಾಕಿಟ್ಟಿದ್ದ. ಫೋನು ಅವನ ಜೊತೆಗೇ ಪುಡಿಯಾಯ್ತು. ಉಳಿದಿದ್ದು ಆ ಲ್ಯಾಪ್‌ಟಾಪ್ ಒಂದೇ.

ಅದು ವೈರ್‌ಲೆಸ್ ಇಂಟರ್ನೆಟ್ ಹಿಡೀತಿರ್ಲಿಲ್ಲ. ವಕೀಲರಿಗೆ ಫೋಟೋ ಕಳಿಸೋಕಾಗ್ತಿಲ್ಲ ಅಂತ ಮಲಕವ್ವ ಅದನ್ನ ಚೀಲದಲ್ಲಿ ಹಾಕ್ಕೊಂಡು ಗುರುರಾಜನ ಹತ್ತಿರ ಬಂದ್ಲು.

"ಮುಂದಿನ ವಾರ ಶುಕ್ರವಾರ ಕೋರ್ಟಿನ್ಯಾಗ ವಾಯಿದೆ ಐತ್ರೀ ಸರ್. ಫೋಟೋ ಕೊಡಲಿಲ್ಲಂದ್ರ ನಮ್ಮನಿಯವರದ ತಪ್ಪು ಅಂತ ಬರದು ಮುಗಸ್ತಾರ್ರೀ."

ಗುರುರಾಜನಿಗೆ ನೋಡಿದ ತಕ್ಷಣ ಗೊತ್ತಾಯ್ತು. ಆ ಕಾಲದ ಮಷೀನುಗಳಲ್ಲಿ ಮುಂದಿನ ಅಂಚಿಗೆ ವೈರ್‌ಲೆಸ್ಸಿಂದೇ ಒಂದು ಪುಟ್ಟ ಸ್ವಿಚ್ ಇರ್ತಿತ್ತು. ಚೀಲಕ್ಕೆ ತಗುಲಿ ಅದು ಆಫ್ ಆಗಿತ್ತು, ಅಷ್ಟೇ! ಉಗುರಲ್ಲಿ ತಳ್ಳಿದ್ರೆ ಟಕ್ ಅಂತ ನೀಲಿ ದೀಪ ಹತ್ತತ್ತೆ.

ತಳ್ಳಿದ್ನಾ? ಇಲ್ಲ. "ಬೋರ್ಡ್ ನೋಡ್ಬೇಕಮ್ಮ, ಬಿಟ್ಟು ಹೋಗಿ" ಅಂದ. ಪೆನ್‌ಡ್ರೈವಿಗೆ ಹಾಕ್ಕೊಡಿ ಅಂತ ಕೇಳೋಕೆ ಅವಳಿಗೆ ತಿಳೀದು. ಇವನಿಗೆ ತಿಳಿದಿತ್ತಲ್ಲ! ಸಾಲದ್ದಕ್ಕೆ ಅವತ್ತೇ ಸಂಜೆ ಇನ್ಯಾರೋ ದೊಡ್ಡ ಗಿರಾಕಿಗೆ ಅರ್ಜೆಂಟು ಅಂತ ಇವಳ ಲ್ಯಾಪ್‌ಟಾಪಿಂದ ರ‍್ಯಾಮ್ ಅನ್ನೋ ಮೆಮೊರಿ ಪಟ್ಟಿ ಕಿತ್ತು ಅವನ ಮಷೀನಿಗೆ ಹಾಕ್ದ. ರ‍್ಯಾಮ್ ಪಟ್ಟಿ ಇಲ್ಲದೆ ಮಷೀನ್ ಏಳೋದೇ ಇಲ್ಲ, ಬರೀ ಬೀಪ್ ಬೀಪ್ ಅನ್ನತ್ತೆ. ವೈರ್‌ಲೆಸ್ ಹಿಡಿಯಲ್ಲ ಅಂತ ತಂದಿದ್ದು, ಈಗ ಆನ್ ಆಗೋದೂ ನಿಂತುಹೋಯ್ತು.

ಅವಳೂ ಅಲ್ಲೇ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ಲು, ದಿನಾ ಶಿಫ್ಟ್ ಮುಗಿಸಿ ಊಟದ ಡಬ್ಬಿ ಹಿಡ್ಕೊಂಡು ಬರೋಳು. "ಆತೇನ್ರೀ ಸರ್?" ಇವನು ತಲೆ ಎತ್ತದೆ, "ಇನ್ನೂ ಆಗಿಲ್ಲಮ್ಮ, ನಾಳೆ ಬನ್ನಿ." ಎಂಟು ದಿನ ಇದೇ ಹಾಡು. ಗುರುವಾರ ಅವಳಿಗೆ ಓವರ್‌ಟೈಮ್ ಬಿತ್ತು. ಅಂಗಡಿ ಮುಚ್ಚಿಬಿಡ್ತಾನೆ ಅಂತ ಕತ್ತಲಲ್ಲಿ ಆ ಸಂದಿಯಿಂದ ಓಡಿಬಂದಿದ್ದಾಳೆ...

ಬೆಳಿಗ್ಗೆ ಬಾವಿಯಲ್ಲಿ ಡಬ್ಬಿ ತೇಲ್ತಿತ್ತು. ಅವತ್ತೇ ಕೋರ್ಟಲ್ಲಿ ಸಿದ್ರಾಮಂದೇ ತಪ್ಪು ಅಂತ ಆಗ್ಹೋಯ್ತು. ಕೇಳೋರು ಯಾರೂ ಇಲ್ಲ, ಬಿಡಿಭಾಗಕ್ಕಾಗತ್ತೆ ಅಂತ ಇವನು ಲ್ಯಾಪ್‌ಟಾಪ್ ಎತ್ತಿ ಅಟ್ಟದ ಮೇಲಿಟ್ಟ. ನಮ್ಮವನೇ ಆದ್ರೂ ಹೇಳ್ತೀನಿ, ನನಗೆ ಹೊಟ್ಟೆ ಉರಿಯತ್ತೆ.

ಸರಿ, ನಾಳೆ ಬನ್ನಿ ಅಂದಿದ್ನಲ್ಲ. ಮಾರನೇ ದಿನ ರಾತ್ರಿ ಒಂಬತ್ತಕ್ಕೆ ಅಂಗಡಿಯಲ್ಲಿ ಒಬ್ಬನೇ ಇದ್ದ. ಅಟ್ಟದ ಮೇಲಿಂದ ಸುಂಯ್ ಅಂತ ಫ್ಯಾನ್ ತಿರುಗೋ ಸದ್ದು. ಬೀಪ್... ಬೀಪ್... ಅಟ್ಟದಿಂದ ಒಂದು ತೊಟ್ಟು ನೀರು ಅವನ ಕೈಮೇಲೆ ಬಿತ್ತು. ಅರ್ಧ ಎಳೆದ ಶಟರ್ ಆಚೆ... ಟಿಣ್.

"ಆತೇನ್ರೀ ಸರ್?"

"ಈಗ್ಲೇ... ಈಗ್ಲೇ ಮಾಡ್ತೀನಿ ಮಲಕವ್ವ."

ಅಟ್ಟದಿಂದ ಲ್ಯಾಪ್‌ಟಾಪ್ ಇಳಿಸಿದ. ಹೊಸ ರ‍್ಯಾಮ್ ತಗೊಂಡು ಅದರ ಹಲ್ಲುಗಳನ್ನ ಪೆನ್ಸಿಲ್ ರಬ್ಬರಲ್ಲಿ ಉಜ್ಜಿ ಕೂರಿಸಿದ. ಮಷೀನ್ ಎದ್ದಿತು. ಅವನು ಏನೂ ಒತ್ತಲಿಲ್ಲ, ಫೋಟೋ ತಾನಾಗೇ ತೆರೆದುಕೊಳ್ತು. ರೋಲರ್ ಮಷೀನು. ಪಕ್ಕದಲ್ಲಿ ಸೂಪರ್‌ವೈಸರ್, ಕೈಯಲ್ಲಿ ಜಾಲರಿ.

ಆಗ ಅವನಿಗೆ ಅಳು ಬಂತು. ಈಗ್ಲಾದ್ರೂ ವಕೀಲರಿಗೆ ಕಳಿಸೋಣ ಅಂತ ಸ್ವಿಚ್ ತಳ್ಳಿದ. ಟಕ್. ನೀಲಿ ದೀಪ ಹತ್ತಿತು. ಕೈ ತೆಗೆದ... ಟಕ್. ಆರಿತು. ಮತ್ತೆ ತಳ್ಳಿದ. ಟಕ್... ಟಕ್. ಮೂರನೇ ಸಲ ಕೈ ತೆಗೀಲೇ ಇಲ್ಲ, ಒತ್ತಿ ಹಿಡ್ಕೊಂಡ. ಆಗ ಅವನ ಉಗುರಿಗೆ ಎದುರಿಂದ ಇನ್ನೊಂದು ಉಗುರು ತಾಗಿತು. ತಣ್ಣಗಿತ್ತು. ಮೆತ್ತಗೆ ಅವನ ಬೆರಳನ್ನೇ ಹಿಂದಕ್ಕೆ ತಳ್ಳಿತು.

ಲ್ಯಾಪ್‌ಟಾಪ್ ಎದೆಗವಚಿಕೊಂಡು ಬಾವಿಗೆ ಓಡ್ದ. ಒಡೆದ ಕಟ್ಟೆ ಮುಂದೆ ಮಂಡಿಯೂರಿ ಕೂತು ಅದನ್ನ ಎರಡೂ ಕೈಯಲ್ಲಿ ಚಾಚಿದ.

"ಆಗಿದೆ ಮಲಕವ್ವ, ತಗೊಳ್ಳಿ. ತಪ್ಪಾಯ್ತು. ನನ್ನ ಬಿಟ್ಬಿಡಿ."

ಚಳಕ್... ಆಮೇಲೆ ಒಳಗಿಂದ ದನಿ ಬಂತು. ಸಿಟ್ಟಿಲ್ಲ, ಸೆಡವಿಲ್ಲ. ಗಿರಾಕಿಗೆ ಇವನು ಹೇಳ್ತಿದ್ನಲ್ಲ, ಥೇಟ್ ಅದೇ ಧಾಟಿ.

"ಇನ್ನೂ ಆಗಿಲ್ರೀ ಸರ್... ನಾಳಿ ಬರ್ರಿ."

ಅವತ್ತಿಂದ ದಿನಾ ರಾತ್ರಿ ಹೋಗ್ತಾನೆ. ಅಂಗಡಿ ಮುಚ್ಚಿತು, ನೋಡಿದ್ದ ಹೆಣ್ಣಿನ ಕಡೆಯವರೂ ಸಂಬಂಧ ಬಿಟ್ರು. ಒಂದಿನ ನಮ್ಮ ಚಿಕ್ಕಮ್ಮ ಶರಣಮ್ಮ ಇವನನ್ನ ರೂಮಿಗೆ ಹಾಕಿ ಬೀಗ ಜಡಿದ್ರು. ರಾತ್ರಿಯೆಲ್ಲ ಬಾಗಿಲಾಚೆ ಟಿಣ್ ಟಿಣ್. ಬೆಳಿಗ್ಗೆ ಕೆಮ್ಮಿದ್ರೆ ಬಾಯಿಂದ ಬಾವಿ ನೀರು, ಪಾಚಿ ಸಮೇತ. ಚಿಕ್ಕಮ್ಮ ಆಮೇಲೆ ಬೀಗ ಮುಟ್ಟಲಿಲ್ಲ.

ಆ ಬಾವಿ ಈಗಿಲ್ಲ. ಮುಚ್ಚಿ ಮೇಲೆ ಗೋಡೌನ್ ಕಟ್ಟಿದ್ದಾರೆ. ಇವನು ಅದರ ಗೇಟ್ ಮುಂದೆ ಲ್ಯಾಪ್‌ಟಾಪ್ ಹಿಡ್ಕೊಂಡು ನಿಲ್ತಾನೆ. ಅಲ್ಲಿ ನೀಲಿ ದೀಪ ತಾನಾಗೇ ಹತ್ತತ್ತೆ ಅಂತಾನೆ. ಏನೋ ಕೇಳಿಸ್ಕೊಂಡವನಂಗೆ ತಲೆ ಆಡಿಸಿ ವಾಪಸ್ ಬರ್ತಾನೆ.

ಹೋದ ತಿಂಗಳು ನಾನೂ ಜೊತೆಗೆ ಹೋಗಿದ್ದೆ. ಇದೆಲ್ಲ ಅವನ ಭ್ರಮೆ ಅಂತ ತೋರಿಸೋಣ ಅಂತ, ಹೊರಡೋಕೆ ಮುಂಚೆ ನಾನೇ ಕೈಯಾರೆ ಲ್ಯಾಪ್‌ಟಾಪಿನ ಬ್ಯಾಟರಿ ಬಿಚ್ಚಿದ್ದೆ. ನಮ್ಮನೆ ಬೀರುವಲ್ಲೇ ಇದೆ, ಬೇಕಿದ್ರೆ ಈಗ್ಲೇ ತಂದು ತೋರಿಸ್ತೀನಿ.

ಗೇಟ್ ಹತ್ತಿರ ನಿಂತ್ವಿ. ಟಕ್ ಅಂತು. ನೀಲಿ ದೀಪ ಹತ್ತಿತು.