ಕೊನೆಯ ಬೆಂಚಿನ ಲೇಡಿ

ಲಾರ್ಡ್ ಥಾರ್ನ್‌ಬಿಯ ಶವಸಂಸ್ಕಾರದ ದಿನ ಅವನ ಅಮೆರಿಕದ ಹೆಂಡತಿ ಮಾರ್ಸೆಲ್ಲಾಳನ್ನು, ಅವನ ತಂಗಿ ವಿನಿಫ್ರೆಡ್ ಚರ್ಚಿನ ಕೊನೆಯ ಬೆಂಚಿನಲ್ಲಿ ಆಳುಗಳ ಜೊತೆ ಕೂರಿಸಿದಳು. ಮರುವರ್ಷ ಇಂಗ್ಲೆಂಡಿನ ನಮ್ಮೂರ ರೈಲು ನಿಲ್ದಾಣದಲ್ಲಿ ಅವರಿಬ್ಬರ ಎದುರಿಗೆ ನಾನು ಕೂತಿದ್ದೆ.

“ನನ್ನ ಮಗಳನ್ನ ಅರಮನೆಗೆ ಕರ್ಕೊಂಡು ಹೋಗಿ ರಾಣಿಗೆ ತೋರಿಸು, ಮಾರ್ಸೆಲ್ಲಾ.”

“ಹೆತ್ತವಳು ನೀನೇ ಹೋಗಬಹುದಲ್ಲ?”

“ಗಂಡನ್ನ ಬಿಟ್ಟವಳನ್ನ ಅಲ್ಲಿ ಒಳಗೆ ಸೇರಿಸಲ್ಲ. ಗೊತ್ತಿಲ್ವಾ?”

“ಗೊತ್ತು. ನಿನ್ನ ಬಾಯಿಂದ ಕೇಳಬೇಕಿತ್ತು.”

“ರಾಣಿ ಮುಂದೆ ನಿಲ್ಲದ ಹುಡುಗಿಗೆ ಒಳ್ಳೆ ಮನೆತನದ ಗಂಡು ಸಿಗಲ್ಲ ಕಣೇ. ನಮ್ಮ ಮನೇಲಿ ಲಾರ್ಡ್‌ನ ಹೆಂಡತಿಯಾಗಿ ಆ ಯೋಗ್ಯತೆ ಇರೋದು ನಿನಗೊಬ್ಬಳಿಗೇ.”

“ಷಿಕಾಗೋದ ಹಂದಿ ಕಡಿಯೋನ ಮಗಳು ಅಂತಿದ್ಯಲ್ಲ, ಅವಳಿಗಾ?”

“ಆ ಮಾತೆಲ್ಲ ಈಗ್ಯಾಕೆ? ನಾನು ಹೇಳ್ತಿದೀನಿ, ಹೋಗು.”

ರೈಲು ಬಂತು. ಮಾರ್ಸೆಲ್ಲಾ ಕೈಗವಸು ಹಾಕಿಕೊಂಡು ಎದ್ದಳು.

“ಹೋಗಲ್ಲ, ವಿನಿಫ್ರೆಡ್. ಚರ್ಚಲ್ಲಿ ನಾನು ಕೂತ ಬೆಂಚು ಖಾಲಿ ಇದೆ. ಮಗಳನ್ನ ಅಲ್ಲಿ ಕೂರಿಸು.”