ದೇವರ ಕಾಯಿಗೆ ಸುನಂದಾ ಕೊಡಬಯಸಿದ ನೀರು

ಸಭೆಗೆ ಬಂದಿರುವ ಹಿರಿಯರೇ, ತೋಟದವರೇ, ಕಚೇರಿಯ ಗೆಳೆಯರೇ, ಸುನಂದಾ ಅವರ ಪತಿ ಗಂಗಾಧರ್ ಅವರೇ, ಮಗಳು ನಯನ — ಎಲ್ಲರಿಗೂ ನಮಸ್ಕಾರ.

ನಿನ್ನೆ ಸಂಜೆ ಪೈಪ್‌ಲೈನಿನ ಕೊನೆಯ ಜೋಡಣೆ ಮುಗಿಯಿತು. ಊರಿನ ಕೊಳಚೆ ನೀರು ಶುದ್ಧೀಕರಣ ಘಟಕದಿಂದ ಮರುಳಸಿದ್ದಯ್ಯನವರ ತೆಂಗಿನ ತೋಟದವರೆಗೆ ದಾರಿ ಸಿದ್ಧವಾಗಿದೆ. ಇದನ್ನು ನನಗೆ ತಿಳಿಸಿದ್ದು ಪಂಪ್ ನೋಡಿಕೊಳ್ಳುವ ಗಯಾಜ್. ಈ ಸುದ್ದಿಯನ್ನು ಮೊದಲು ಕೇಳಬೇಕಾಗಿದ್ದವರು — ಇಲ್ಲಿ, ಈ ಪಟದಲ್ಲಿ, ಹಾರದ ಹಿಂದೆ ಇದ್ದಾರೆ.

ಸುನಂದಾ ಅವರು ಘಟಕದ ಎಂಜಿನಿಯರ್. ನಮ್ಮೆಲ್ಲರ ಬಚ್ಚಲಿನ, ಕಕ್ಕಸ್ಸಿನ ನೀರು ಅವರ ಬಳಿಗೆ ಹೋಗುತ್ತಿತ್ತು, ತಿಳಿಯಾಗಿ ಹೊರಬರುತ್ತಿತ್ತು. ಹೊರಬಂದದ್ದು ಸುಮ್ಮನೆ ಹಳ್ಳ ಸೇರುತ್ತಿತ್ತು. ಅದು ತೋಟಕ್ಕೆ ಹೋಗಬೇಕು — ಅವರಿಗಿದ್ದದ್ದು ಅದೊಂದೇ ಹಟ.

ಆ ನೀರು ಬೇಡವೆಂದ ತೋಟದವರ ಸಂಕಟವೂ ಸುಳ್ಳಲ್ಲ. ನಮ್ಮ ಕಾಯಿ ದೇವರ ಮುಂದೆ ಒಡೆಯುವ ಕಾಯಿ.

ಒಂದು ಆಯುಧಪೂಜೆಯ ದಿನ ಸುನಂದಾ ಅವರು ತಪ್ಪು ಮಾಡಿದರು. ತೋಟದವರನ್ನು ಘಟಕಕ್ಕೆ ಕರೆದರು. ಪಂಪಿಗೆ ಪೂಜೆಯಾಯಿತು, ಕಾಯಿ ಒಡೆದರು, ಚೂರು ಹಂಚಿದರು. ಎಲ್ಲರೂ ಬಾಯಿಗೆ ಹಾಕಿಕೊಂಡ ಮೇಲೆ ನಗುತ್ತಾ ಹೇಳಿದರು: “ಹೆಂಗೈತೆ? ಇಲ್ಲಿನ ಮರದ್ದೇ ಕಣ್ರೀ. ಇದೇ ನೀರು ಕುಡ್ದು ಬೆಳ್ದಿರೋದು.”

ಹೀಗೆ — ಬಾಯಿಗೆ ಕೈ ಅಡ್ಡ ಹಿಡಿದು — ಅರ್ಧ ಜನ ಹೊರಗೆ ಓಡಿದರು. ಮರುಳಸಿದ್ದಯ್ಯನವರು ಮಾತ್ರ ಅಗಿದು ನುಂಗಿದರು. “ಕಾಯೇನೋ ಚೆನ್ನಾಗೈತೆ ಕಣವ್ವ. ನೀನು ಮಾಡಿದ್ದು ಚೆನ್ನಾಗಿಲ್ಲ. ಹೇಳಿ ಕೊಡ್ಬೇಕಿತ್ತು” ಎಂದರು.

ಅಲ್ಲಿಗೆ ಮಾತುಕತೆ ನಿಂತೇ ಹೋಯಿತು. ಸುನಂದಾ ಅವರು ಒಂದೊಂದೇ ತೋಟಕ್ಕೆ ಹೋಗಿ ಕ್ಷಮೆ ಕೇಳಿದರು. ಮರುಳಸಿದ್ದಯ್ಯನವರ ಜಗಲಿಗಂತೂ — ಹೋದರು, ಹೋದರು, ಮತ್ತೆ ಹೋದರು. ಒಮ್ಮೆ ನಾನೂ ಜೊತೆಗಿದ್ದೆ.

“ದೇವ್ರ ಕಾಯಿಗೆ ಕಕ್ಕಸ್ಸಿನ ನೀರಾ ತಾಯಿ?”

“ಅಜ್ಜಾ, ಗೊಬ್ಬರ ಹಾಕ್ತೀರಲ್ಲ, ನಿಮ್ಮೆಮ್ಮೆ ಮಡೀಲಿ ಇತ್ತಾ?”

“ಎಮ್ಮೆ ನಮ್ಮನೇದು ಕಣವ್ವ. ನೀರು ಯಾರ್ಯಾರ ಮನೇದೋ.”

ಇಬ್ಬರೂ ನಕ್ಕರು. ಒಪ್ಪಿಗೆ ಮಾತ್ರ ಸಿಗಲಿಲ್ಲ.

ಕಳೆದ ತಿಂಗಳು ಅದೇ ಜಗಲಿಯಿಂದ ಹಿಂದಿರುಗುವಾಗ, ಹೊನ್ನವಳ್ಳಿ ರಸ್ತೆಯಲ್ಲಿ ಅವರ ಸ್ಕೂಟರಿಗೆ ಲಾರಿ ಬಡಿಯಿತು. ಆಸ್ಪತ್ರೆ ಸೇರುವ ಮೊದಲೇ — ಹೋಗಿಬಿಟ್ಟರು.

ಆಸ್ಪತ್ರೆಯ ಗೇಟಿನ ಬಳಿ ಮರುಳಸಿದ್ದಯ್ಯನವರು ನನ್ನ ಕೈ ಹಿಡಿದುಕೊಂಡರು. “ಮನಸ್ನಾಗೆ ಯಾವಾಗ್ಲೋ ಒಪ್ಕೊಂಡಿದ್ದೆ ಕಣಪ್ಪ. ಹೂಂ ಅಂದ್ಬುಟ್ರೆ ಈ ಹುಡುಗಿ ಇನ್ನ ನಮ್ಮನೆ ಕಡೆ ಬರಾಕಿಲ್ಲ ಅಂತ... ಮುಂದಿನ ವಾರ ಬಾ, ನೋಡಾನ ಅಂದೆ” ಎಂದರು.

ಇದನ್ನು ಸಭೆಯಲ್ಲಿ ಹೇಳು ಎಂದವರೂ ಅವರೇ. ತಮ್ಮ ಬಾಯಲ್ಲಿ ಆಗುವುದಿಲ್ಲ ಎಂದರು. ಅಗೋ, ಅಲ್ಲಿ ಕೂತಿದ್ದಾರೆ. ಗಂಗಾಧರ್ ಅವರೇ, ಅವರ ಮೇಲೆ ಕೋಪ ಬೇಡ. ಆ ಮನೆಯಲ್ಲೂ ಒಲೆ ಸರಿಯಾಗಿ ಉರಿದಿಲ್ಲ.

ನಯನ, ನಿನ್ನ ಅಮ್ಮ ಗೆದ್ದಿದ್ದರಮ್ಮ. ಗೆದ್ದಿದ್ದರು — ಅದು ಅವರಿಗೆ ಗೊತ್ತಾಗಲಿಲ್ಲ. ಇವತ್ತೂ ಆಗಲಿಲ್ಲ ಎಂದುಕೊಂಡೇ ಸ್ಕೂಟರ್ ಹತ್ತಿದರು. ನನಗೆ — ತಡೆಯಲಾಗದಿರುವುದು ಅದೊಂದೇ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಆಗದ ಹಿರಿಯರು ಕೂತೇ ಇರಬಹುದು. ಎರಡು ನಿಮಿಷ ಸುನಂದಾ ಅವರಿಗಾಗಿ ಮೌನವಾಗಿರೋಣ.

ಸೋಮವಾರ ಬೆಳಗ್ಗೆ ತೋಟಕ್ಕೆ ನೀರು ಬಿಡಲಾಗುತ್ತದೆ.